ಹೊಳೆಗೆ ಬಿಟ್ಟ ಅರ್ಧ ಮುಖದ ಅಜ್ಜ

ಹರಿಹರ

ನಡೆದದ್ದನ್ನು ನಡೆದಷ್ಟೇ ಬರೆಯಬೇಕೆಂದು ಕೂತಿದ್ದೇನೆ. ದಾವಣಗೆರೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೈದು ವರ್ಷ ರಕ್ತ ಪರೀಕ್ಷೆ ಮಾಡಿದವನು ನಾನು. ಗಾಜಿನ ಮೇಲೆ ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬರೆಯದಿರುವುದು, ಇಷ್ಟೇ ನನಗೆ ಬರುವ ವಿದ್ಯೆ. ಕಾಂಬೋಡಿಯಾದಿಂದ ಬಂದು ಎರಡು ತಿಂಗಳಾಯಿತು. ಈಗಲೂ ಬೆಳಗ್ಗೆ ಹಲ್ಲುಜ್ಜುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಯಾಕೆಂಬುದು ಮುಂದೆ ಬರುತ್ತದೆ.

ಹೋಗಲು ಕಾರಣ ನಮ್ಮ ಭಾವ ಹಾಲಪ್ಪನವರು, ನನ್ನ ಅಕ್ಕ ಗೌರಕ್ಕನ ಗಂಡ. ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಪಾಳಿ ಕೆಲಸದಲ್ಲಿದ್ದಾಗಿನಿಂದಲೂ ಅವರಿಗೊಂದು ಚಟ. ಚಟ ಎನ್ನುವುದು ಅಕ್ಕನ ಮಾತು. ಪಾಳಿ ಮುಗಿಸಿ ಹರಿಹರೇಶ್ವರನ ಗುಡಿಗೆ ಹೋಗಿ, ನುಣ್ಣನೆಯ ಕಂಬವೊಂದಕ್ಕೆ ಒರಗಿ ಕೂತು, ಬಂದವರಿಗೆ ಸ್ಥಳಪುರಾಣ ಹೇಳುವುದು. ನಿವೃತ್ತಿಯಾದ ಮೇಲೆ ಅದೇ ಅವರ ಪಾಳಿ. ಚಪ್ಪಲಿ ಬಿಡುತ್ತಿರುವವರಿಗೆ ಶುರು ಮಾಡುತ್ತಾರೆ. ಚಪ್ಪಲಿ ಹಾಕಿಕೊಂಡು ಹೊರಟವರನ್ನು ಬಾಗಿಲ ತನಕ ಹಿಂಬಾಲಿಸಿ ಮುಗಿಸುತ್ತಾರೆ.

ಕಥೆ ನಮ್ಮ ಕಡೆಯವರಿಗೆ ಗೊತ್ತಿರುವುದೇ. ಗುಹ ಎಂಬ ಅಸುರ ಈ ಸೀಮೆಗೆ ಒಡೆಯ. ಮೂಡಣಕ್ಕೆ ಉಚ್ಚಂಗಿದುರ್ಗ, ಬಡಗಣಕ್ಕೆ ಐರಣಿ, ನಡುವೆ ಕಂಡದ್ದೆಲ್ಲ ಅವನದು. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ಬ್ರಹ್ಮನಿಂದ ವರ ಪಡೆದ. ಪಡೆದವನು ಸುಮ್ಮನಿರಲಿಲ್ಲ. ಆಗ ಇಬ್ಬರೂ ಕೂಡಿ ಒಂದೇ ಮೈಯಾದರು. ಬಲಗಡೆ ಹರ, ಎಡಗಡೆ ಹರಿ. ಹರಿದ್ರಾ ಹೊಳೆ ತುಂಗಭದ್ರೆಗೆ ಸೇರುವ ಕೂಡಲಲ್ಲಿ ಇಳಿದು ಅವನನ್ನು ಮೆಟ್ಟಿದರು. ಪ್ರಾಣ ಹೋಗುವಾಗ ಗುಹ ಬೇಡಿದ್ದು ಒಂದೇ, ಈ ನೆಲಕ್ಕೆ ನನ್ನ ಹೆಸರಿರಲಿ ಎಂದು. ಅದಕ್ಕೇ ಇದು ಗುಹಾರಣ್ಯ ಕ್ಷೇತ್ರ. ಮೆಟ್ಟುವ ಜಾಗಕ್ಕೆ ಬಂದಾಗ ಭಾವ ತಮ್ಮ ಬಲಗಾಲನ್ನು ಕಲ್ಲುಹಾಸಿಗೆ ಅಪ್ಪಳಿಸುತ್ತಾರೆ. ಆಮೇಲೆ ಬೆರಳೆತ್ತಿ, "ಇಂಥಾ ಮೂರ್ತಿ ಭೂಮಂಡಲದಾಗ ಇನ್ನೊಂದಿಲ್ಲ, ತಿಳ್ಕೊಳ್ರಿ" ಎಂದು ಮುಗಿಸುತ್ತಾರೆ.

ಒಂದು ಸಂಜೆ ಕಾಲೇಜು ಹುಡುಗಿಯೊಬ್ಬಳು ಪೂರ್ತಿ ಕೇಳಿ, ಮೊಬೈಲು ತೆಗೆದು, ಬಹಳ ಮರ್ಯಾದೆಯಿಂದ, "ಅಜ್ಜಾರ, ಕಾಂಬೋಡಿಯಾ ದೇಶದಾಗ ಇಂಥವು ಭಾಳ ಅದಾವು ನೋಡ್ರಿ" ಎಂದು ಚಿತ್ರ ತೋರಿಸಿದಳು.

ಭಾವ ಮೂರು ದಿನ ಗುಡಿಗೆ ಹೋಗಲಿಲ್ಲ. ನಾಲ್ಕನೆಯ ದಿನ ದಾವಣಗೆರೆಗೆ, ನಮ್ಮ ಮನೆಗೆ ಬಂದರು.

ದಾವಣಗೆರೆ

"ಮಂಜಾ, ಹೋಗಿ ನೋಡಿ ಬರಾನ" ಎಂದರು ಭಾವ. "ಇಲ್ಲಾಂದ್ರ ನಾ ಹೇಳಿದ್ದು ಹೇಳಿದಂಗ ಐತೆ. ಐತೆ ಅಂದ್ರ ಇನ್ನ ಮ್ಯಾಲ ನಾ ಬಾಯಿ ತೆಗಿಯಂಗಿಲ್ಲ. ನೀ ಸಾಕ್ಷಿ."

ಹಿಂದೆಯೇ ಬಂದಿದ್ದ ಅಕ್ಕ ಅಡುಗೆಮನೆಯಿಂದ ಹೇಳಿದಳು: "ಮೂವತ್ತು ವರ್ಷ ಸುಳ್ಳು ಹೇಳಿದ್ದಾತು. ಈಗ ಇಮಾನ ಹತ್ತಿ ಹೋಗಿ, ಹೌದು ಸುಳ್ಳ ಅಂತ ಖಾತ್ರಿ ಮಾಡ್ಕೊಂಡು ಬರ್ತೀರೇನು?"

"ನೀ ಸುಮ್ನಿರ ಮಾರಾಯ್ತಿ."

"ಸುಮ್ನ ಇರ್ತೀನಿ. ಒಂದು ತಿಂಗಳು ಮನಿಯಾಗ ಯಾರೂ ಕಾಲು ಅಪ್ಪಳಿಸಂಗಿಲ್ಲ ಅಂದ್ರ ನನಗ್ಯಾಕ ಬ್ಯಾಡ."

ಒಂದು ತಿಂಗಳಲ್ಲ, ಎಂಟು ದಿನ ಎಂದೆ. ಅಕ್ಕನ ಮುಖ ಸ್ವಲ್ಪ ಇಳಿಯಿತು.

ಆದರೂ ಚೀಲ ತುಂಬಿಕೊಟ್ಟಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ದಿಂಬಿನಷ್ಟು ಮಂಡಕ್ಕಿ. ಭಾವ ಸ್ವಂತಕ್ಕೆ ಎರಡು ಹೊಸ ಬಿಳಿ ಟವೆಲು, ಹಿತ್ತಾಳೆಯ ಕುಂಕುಮದ ಭರಣಿ ಇಟ್ಟುಕೊಂಡರು. ಕಾಂಬೋಡಿಯಾದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಚಟ್ನಿಪುಡಿಯ ಡಬ್ಬಿ ತೆರೆದು ಮೂಗಿನ ಹತ್ತಿರ ಒಯ್ದ. ಏಳು ಸಲ ಸೀನಿದ. ನಾನು ಎಣಿಸಿದ್ದೇನೆ. ಆಮೇಲೆ ಕೈಜೋಡಿಸಿ ನಮ್ಮನ್ನು ಬಿಟ್ಟುಬಿಟ್ಟ. "ಸಂಸ್ಕಾರ ಐತೆ ನೋಡು, ಬರೋರಿಗೆ ಕೈ ಮುಗೀತಾರ" ಎಂದರು ಭಾವ.

ಸಿಯೆಮ್ ರೀಪ್

ನಾವು ಇಳಿದುಕೊಂಡದ್ದು ಪೇಟೆಯಿಂದ ಆಚೆ, ಆರು ಕೋಣೆಗಳ ಒಂದು ಮನೆಯಲ್ಲಿ. ಒಡತಿಯ ಹೆಸರು ಬೊಫಾ. ಅರವತ್ತರ ಆಸುಪಾಸು, ಕಡಿಮೆ ಮಾತು, ಹೆಗಲ ಮೇಲೆ ಸದಾ ಚೌಕಳಿಯ ಟವೆಲು. ಆ ದೇಶದಲ್ಲಿ ಎಲ್ಲರ ಹೆಗಲ ಮೇಲೂ ಆ ಚೌಕಳಿ ಬಟ್ಟೆ ಇರುತ್ತದೆ. ಬೆವರು ಒರೆಸಲು, ತಲೆಗೆ ಸುತ್ತಲು, ಮಗುವನ್ನು ಕಟ್ಟಿಕೊಳ್ಳಲು ಅದೇ. ಭಾವನಿಗೆ ಬಹಳ ಹಿಡಿಸಿತು. ದಾವಣಗೆರೆಯ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಇವರು ಬಂದಿದ್ದರೆ ಒಳ್ಳೆ ಗಿರಾಕಿಗಳು ಎಂದರು.

ಬೊಫಾ ಅವರ ಅಂಗಳದ ಮಾವಿನ ಮರಕ್ಕೆ ಒಂದು ಜೋಲಿ ಕಟ್ಟಿತ್ತು. ಅದರಲ್ಲಿ ಮಲಗುವವನು ವಿಸಾಲ್, ನಲವತ್ತರ ಗಂಡಸು. ಮನೆಯಲ್ಲಿ ಇಳಿದವರನ್ನು ತನ್ನ ಟುಕ್‌ಟುಕ್ ಗಾಡಿಯಲ್ಲಿ ಸುತ್ತಿಸುವುದು ಅವನ ಜೀವನ. ಗಾಡಿ ಎಂದರೆ ಬೈಕಿನ ಹಿಂದೆ ಕಟ್ಟಿದ ಪುಟ್ಟ ಸಾರೋಟು. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಆಸ್ಪತ್ರೆಯ ಇಂಗ್ಲಿಷ್ ಬರುತ್ತದೆ. ಭಾವನಿಗೆ ಕನ್ನಡ, ಸ್ವಲ್ಪ ಬಜಾರಿನ ಉರ್ದು. ಎರಡರಲ್ಲಿ ಯಾವುದನ್ನಾದರೂ ಗಟ್ಟಿಯಾಗಿ ಹೇಳಿದರೆ ಜಗತ್ತಿಗೆ ತಿಳಿಯುತ್ತದೆ ಎಂದು ಅವರು ನಂಬಿದ್ದಾರೆ. ವಿಸಾಲ್ ಎಂದರೆ ವಿಶಾಲ ಎಂದು ಗೊತ್ತಾದ ಮೇಲಂತೂ ಅವನು ಹರಿಹರದ ಪಕ್ಕದ ನಂದಿಗುಡಿ ಕಡೆಯವನೇ ಎಂಬಂತೆ ಮಾತಾಡತೊಡಗಿದರು.

ಊಟ ಕಷ್ಟವಾಯಿತು. ಮಾಂಸ, ಮೀನು ಬೇಡವೆಂದು ಮೊದಲೇ ಹೇಳಿದ್ದೆವು. ಬೊಫಾ ತಲೆಯಾಡಿಸಿ ಒಂದು ಸಾರು ಕೊಟ್ಟರು. ಭಾವ ಒಂದು ಚಮಚ ಬಾಯಿಗಿಟ್ಟು ನನ್ನನ್ನು ನೋಡಿದರು. ಇದರಲ್ಲಿ ಮೀನಿದೆಯೇ ಎಂದು ಕೇಳಿಸಿದೆ. ಇಲ್ಲ, ಅದು ಬರೀ ಪ್ರಹೊಕ್ ಎಂದರು. ಪ್ರಹೊಕ್ ಎಂದರೆ ತಿಂಗಳುಗಟ್ಟಲೆ ಹುದುಗಿಸಿದ ಮೀನಿನ ಮುದ್ದೆ. ಅವರ ಲೆಕ್ಕದಲ್ಲಿ ಅದು ಮೀನಲ್ಲ, ಉಪ್ಪಿನಂತೆ. ಎಂಟು ದಿನ ನಮ್ಮನ್ನು ಕಾಪಾಡಿದ್ದು ಅಕ್ಕನ ರೊಟ್ಟಿ.

ಅಂಗಳದ ಈಶಾನ್ಯ ಮೂಲೆಯಲ್ಲಿ, ಎದೆಮಟ್ಟದ ಕಂಬದ ಮೇಲೆ, ಗೂಡಿನಷ್ಟು ದೊಡ್ಡ ಒಂದು ಗುಡಿ ಇತ್ತು. ಒಳಗೆ ಒಂದು ಕಲ್ಲಿನ ತಲೆ, ಎದೆ. ಎತ್ತರ ಒಂದು ಅಡಿಗೆ ಎರಡು ಬೆರಳು ಕಡಿಮೆ. ಮುಖ ಅರ್ಧವೇ ಇತ್ತು. ನೆತ್ತಿಯಿಂದ ಗದ್ದದವರೆಗೆ ಸೀಳಿದಂತೆ ಎಡಭಾಗ ಹೋಗಿತ್ತು. ಉಳಿದದ್ದು ಒಂದು ಕಣ್ಣು, ಅರ್ಧ ಮೂಗು, ಅರ್ಧ ನಗೆ. ಬೊಫಾ ದಿನಾ ಬೆಳಗ್ಗೆ ಅದರ ಮುಂದೆ ಒಂದು ಬಟ್ಟಲು ಅನ್ನ, ಒಂದು ಬಾಳೆಹಣ್ಣು ಇಟ್ಟು ಊದುಬತ್ತಿ ಹಚ್ಚುತ್ತಿದ್ದರು. ನೆಕ್ ತಾ, ಈ ನೆಲ ಕಾಯುವ ಅಜ್ಜ ಎಂದು ವಿಸಾಲ್ ಹೇಳಿದ.

ಭಾವ ಮೊದಲ ದಿನವೇ ಅದನ್ನು ನೋಡಿ ಮುಖ ಕಿವುಚಿದರು. "ಭಿನ್ನ ಆಗೈತಲ್ಲೋ. ಮನಿಯಾಗ ಇಟ್ಕೋಬಾರ್ದು. ಯಾರೂ ಹೇಳಿಲ್ಲೇನು ಈ ತಾಯಿಗೆ?"

ಮ್ಯೂಸಿಯಂ

ಮೊದಲನೆಯ ಹರಿಹರ ಮೂರ್ತಿ ಕಂಡಾಗ ಭಾವ ಕೈ ಮುಗಿದರು. ಬಲ ಅರ್ಧಕ್ಕೆ ಜಡೆಗಟ್ಟಿದ ಕೂದಲು, ಎಡ ಅರ್ಧಕ್ಕೆ ನುಣುಪಾದ ಎತ್ತರದ ಕಿರೀಟ. ಹಣೆಯ ಮೇಲೆ ಮೂರನೆಯ ಕಣ್ಣು, ಅದೂ ಅರ್ಧವೇ. ಹರನ ಪಾಲಿನದು ಮಾತ್ರ.

"ಕಣ್ಣು ಸೈತ ಪಾಲು ಮಾಡ್ಯಾರಲ್ಲೋ ಮಂಜಾ" ಎಂದು ಪಿಸುಗುಟ್ಟಿದರು. ಅವರು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡನೆಯದಕ್ಕೂ ಕೈ ಮುಗಿದರು. ಮೂರನೆಯದಕ್ಕೆ ಕೈ ಎತ್ತಲಿಲ್ಲ. ಅಲ್ಲಿದ್ದ ಬೆಂಚಿನ ಮೇಲೆ ಕೂತರು. ನಾನು ತಮಾಷೆಗೆ, "ಭಾವ, ನಾ ಸಾಕ್ಷಿ. ಎಷ್ಟು ಅಂತ ಬರ್ಕೊಳ್ಳಲಿ?" ಎಂದೆ. ತಮಾಷೆ ಮಾಡಬಾರದಿತ್ತು.

ಆಗ ಊರಿನ ಹೆಂಗಸೊಬ್ಬಳು ಬಂದು ಕೈಗಳೆಲ್ಲ ಮುರಿದಿದ್ದ ಒಂದು ಮೂರ್ತಿಯ ಮುಂದೆ ಮಂಡಿಯೂರಿ, ಮಲ್ಲಿಗೆ ಮೊಗ್ಗು ಪೋಣಿಸಿದ ಕಡ್ಡಿಯಿಟ್ಟು ನಮಸ್ಕರಿಸಿದಳು. ಭಾವ ಅದನ್ನೇ ನೋಡುತ್ತಿದ್ದರು.

ಹರಿಹರಾಲಯ

ಮರುದಿನ ವಿಸಾಲ್ ನಮ್ಮನ್ನು ರೊಲುವೊಸ್ ಎಂಬಲ್ಲಿಗೆ ಒಯ್ದ. ಭತ್ತದ ಗದ್ದೆ, ತಾಳೆಮರ, ನಡುವೆ ಹಳೆಯ ಇಟ್ಟಿಗೆಯ ಗೋಪುರಗಳು. ಗೋಪುರಗಳಿಗೆ ಮುಖ ಮಾಡಿ ಮೂರು ಕಲ್ಲಿನ ಬಸವಣ್ಣ ಮಲಗಿದ್ದವು. ದೊಡ್ಡ ಗುಡಿಗಳ ನಗರ ಅಂಗೋರಿಗಿಂತ ಮೊದಲು ರಾಜಧಾನಿ ಇಲ್ಲಿತ್ತು, ಅದರ ಹೆಸರು ಹರಿಹರಾಲಯ ಎಂದು ವಿಸಾಲ್ ಹೇಳಿದ. ಭಾಷಾಂತರ ಬೇಕಾಗಲಿಲ್ಲ. ಭಾವ ಸರಕ್ಕನೆ ತಿರುಗಿದರು.

"ಬಸ್ ಸ್ಟ್ಯಾಂಡ್ ಎಲ್ಲೈತೆ ಕೇಳ್ಲೇನು ಭಾವ? ದಾವಣಗೆರೆ ಬಸ್ಸು ಸಿಕ್ಕರೂ ಸಿಗಬಹುದು."

"ನಗು ನಗು. ದೇವರು ಹೋತು, ಈಗ ಊರೂ ಹೋತು."

ಆದರೆ ಬಸವನ ಕಿವಿ ಮುರಿದದ್ದನ್ನು ಸವರುತ್ತ ನಿಂತವರು ಮೆಲ್ಲಗೆ ಚೇತರಿಸಿಕೊಂಡರು. ಹಿಂದಿರುಗುವಾಗ ದಾರಿಬದಿಯಲ್ಲಿ ಒನಕೆಯಿಂದ ಕುಟ್ಟಿದ ಹಸಿ ಅವಲಕ್ಕಿ ಸಿಕ್ಕಿತು. ಥೇಟ್ ನಮ್ಮದೇ. ಎಳನೀರು ಸುರಿದು ಬಾಳೆಹಣ್ಣು ಕಲಸಿ ಕೊಟ್ಟರು. ಎರಡು ಬಟ್ಟಲು ತಿಂದ ಮೇಲೆ ಭಾವ ತೀರ್ಪು ಕೊಟ್ಟರು:

"ಇರಲಿ, ಎಷ್ಟಾರ ಮೂರ್ತಿ ಇರಲಿ ಇವರತ್ರ. ಇಟ್ಕೊಳ್ಳಾಕ ಬರಂಗಿಲ್ಲ ಇವರಿಗೆ. ಮುರದದ್ದು, ಸೀಳಿದ್ದು, ಎಲ್ಲಾ ಹಂಗ ಇಟ್ಟು ಕೈ ಮುಗೀತಾರ. ನಾವು ಹಂಗಲ್ಲ."

ನಾವು ಹಾಗಲ್ಲ, ನಿಜ. ನಮ್ಮ ಕಡೆ ಗಾಜು ಒಡೆದ ಪಟವೂ ಮನೆಯಲ್ಲಿ ಉಳಿಯುವುದಿಲ್ಲ. ಅರಳಿಕಟ್ಟೆಗೆ ಹೋಗುತ್ತದೆ, ಇಲ್ಲವೇ ಹೊಳೆಗೆ. ಹೊಳೆದಂಡೆಯ ಉಕ್ಕಡಗಾತ್ರಿ ಕ್ಷೇತ್ರಕ್ಕೆ ಹೋದವರು ಮೈಮೇಲಿನ ಬಟ್ಟೆಯನ್ನೇ ಹೊಳೆಗೆ ಬಿಟ್ಟು ಬರುತ್ತಾರೆ. ಬೇಡವಾದದ್ದನ್ನೆಲ್ಲ ತುಂಗಭದ್ರೆ ಒಯ್ಯುತ್ತಾಳೆ. ಎಲ್ಲಿಗೆ ಎಂದು ನಾವು ಕೇಳುವುದಿಲ್ಲ.

ನಾಲ್ಕನೆಯ ಬೆಳಗು

ಐದು ನಲವತ್ತು. ಬೆಳಕು ಆಗಿತ್ತು, ಬಿಸಿಲು ಬಂದಿರಲಿಲ್ಲ. ನಾನು ಮಹಡಿಯ ಕಟಕಟೆಗೆ ಒರಗಿ ಹಲ್ಲುಜ್ಜುತ್ತಿದ್ದೆ. ವಿಸಾಲ್ ಜೋಲಿಯಲ್ಲಿ ಆಚೆ ಮುಖ ಮಾಡಿ ಮಲಗಿದ್ದ.

ಭಾವ ಸ್ನಾನ ಮಾಡಿ ವಿಭೂತಿ ಧರಿಸಿ ಅಂಗಳಕ್ಕೆ ಬಂದರು. ಆ ಪುಟ್ಟ ಗುಡಿಯ ಮುಂದೆ ನಿಂತು ಕೈ ಮುಗಿದರು. ಭರಣಿ ತೆಗೆದು ಅರ್ಧ ಹಣೆಗೆ ಕುಂಕುಮ ಹಚ್ಚಿದರು. ಎರಡೂ ಕೈಯಿಂದ ಕಲ್ಲನ್ನು ಎತ್ತಿ, ಹೊಸ ಬಿಳಿ ಟವೆಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎದೆಗಾನಿಸಿಕೊಂಡರು. ಗೇಟು ದಾಟಿದರು, ರಸ್ತೆ ದಾಟಿದರು. ಮನೆಯೆದುರಿನ ಹೊಳೆಗೆ ಇಳಿಯುವ ಮೆಟ್ಟಿಲುಗಳಲ್ಲಿ ಕೊನೆಯದರವರೆಗೆ ಹೋಗಿ, ಮೊಣಕಾಲಿನ ನೀರಿಗಿಳಿದು, ಇನ್ನೂ ನಾಲ್ಕು ಹೆಜ್ಜೆ ಮುಂದೆ ನಡೆದು, ಟವೆಲಿನ ಸಮೇತ ಬಿಟ್ಟರು. ಮೂರು ಸಲ ನೀರು ಪ್ರೋಕ್ಷಿಸಿಕೊಂಡು ತಿರುಗಿದರು. ಮುಖದಲ್ಲಿ ನಾಲ್ಕು ದಿನದಿಂದ ಇಲ್ಲದ ನೆಮ್ಮದಿ ಇತ್ತು.

ಇಷ್ಟನ್ನೂ ನಾನು ನೋಡಿದೆ. ಬಾಯಲ್ಲಿ ಬ್ರಷ್ ಇತ್ತು. ಅದನ್ನು ತೆಗೆದು ಕೂಗಬಹುದಿತ್ತು. ಕೂಗಬೇಕು ಎಂದೇ ಅನ್ನಿಸಲಿಲ್ಲ. ಸರಿಯಾದ ಕೆಲಸವೇ ಆಯಿತು ಎಂದುಕೊಂಡು ಬಾಯಿ ಮುಕ್ಕಳಿಸಿದೆ.

ಆರೂವರೆಗೆ ಬೊಫಾ ಅನ್ನದ ಬಟ್ಟಲು, ಬಾಳೆಹಣ್ಣು ಹಿಡಿದು ಬಂದರು. ಗೂಡಿನ ಮುಂದೆ ನಿಂತರು. ಬಟ್ಟಲನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಅತ್ತ ಇತ್ತ ನೋಡಿ, ಅದನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ಬಟ್ಟಲು ವಾಲಿ ಅನ್ನದ ಅಗುಳು ಒಂದೊಂದೇ ಮಡಿಲಿಗೆ ಬೀಳುತ್ತಿತ್ತು. ಆಮೇಲೆ ವಿಸಾಲನನ್ನು ಕರೆದು ಏನೋ ಕೇಳಿದರು. ಅವನು ಇಲ್ಲ ಎಂದ. ಮತ್ತೆ ಕೇಳಿದರು. ಮತ್ತೆ ಇಲ್ಲ ಎಂದ. ಮೂರನೆಯ ಸಲ ಅವರು ಕೇಳಲಿಲ್ಲ, ಸುಮ್ಮನೆ ಅವನನ್ನು ನೋಡಿದರು. ವಿಸಾಲ್ ಮರದ ಹತ್ತಿರ ಹೋಗಿ ಜೋಲಿಯ ಗಂಟು ಬಿಚ್ಚತೊಡಗಿದ.

ಭಾಷೆ ಬರದಿದ್ದರೂ ಅದು ನನಗೆ ಅರ್ಥವಾಯಿತು.

ಭಾವನಿಗೆ ಅರ್ಥವಾಗಿರಲಿಲ್ಲ. ರೊಟ್ಟಿ ಮುರಿಯುತ್ತ, "ಪಾಪ, ಏನಾತು ಆ ತಾಯಿಗೆ? ಯಾಕ ಹಂಗ ಕೂತಾಳ?" ಎಂದರು.

"ನೀವು ಹೊಳಿಗೆ ಬಿಟ್ಟಿದ್ದು ಅವರ ಮನಿ ಅಜ್ಜನ್ನ, ಭಾವ. ವಿಸಾಲ್ ಕದ್ದಾನಂತ ತಿಳ್ಕೊಂಡಾರ."

ರೊಟ್ಟಿ ಕೈಯಲ್ಲೇ ಉಳಿಯಿತು. "ನಾನು ಒಳ್ಳೇದು ಮಾಡೀನಿ ಅಂತ..."

"ಅದನ್ನ ಅವರಿಗೆ ಹೇಳಬೇಕು."

"ನೀ ಹೇಳೋ. ನಿನಗ ಇಂಗ್ಲಿಷ್ ಬರ್ತೈತೆ."

ಇಂಗ್ಲಿಷ್ ಬೊಫಾಗೆ ಬರುವುದಿಲ್ಲ. ಅದನ್ನು ಅವರ ಮಾತಿಗೆ ತಿರುಗಿಸಬೇಕಾದವನು ವಿಸಾಲನೇ. ಆರೋಪ ಹೊತ್ತವನ ಬಾಯಿಂದಲೇ ನಮ್ಮ ತಪ್ಪೊಪ್ಪಿಗೆ ಹೋಗಬೇಕಿತ್ತು. ನಾನು ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ. ಭರಣಿ, ಟವೆಲು, ಮೆಟ್ಟಿಲು, ನಾಲ್ಕು ಹೆಜ್ಜೆ. ಕೊನೆಗೆ, "ನಾನು ನೋಡಿದೆ, ತಡೆಯಲಿಲ್ಲ" ಎಂದೆ. ವಿಸಾಲ್ ಒಂದೊಂದೇ ವಾಕ್ಯ ಕೇಳಿ ಒಂದೊಂದೇ ವಾಕ್ಯ ಹೇಳಿದ. ಕೊನೆಯದನ್ನು ತಿರುಗಿಸುವ ಮೊದಲು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಎಷ್ಟು ಹೊತ್ತು ಎಂದು ನನಗೆ ಹೇಳಲು ಬರುವುದಿಲ್ಲ. ಅಳೆಯಲಾಗದೆ ಹೋದದ್ದು ಅದೊಂದೇ.

ಬೊಫಾ ಹೇಳಿದ್ದು ಇಷ್ಟು. ಆ ಕಲ್ಲು ಅವರ ಅಜ್ಜ ಕಡೆದದ್ದು. ಆಳುವವರು ದೇಶದ ಜನರನ್ನೆಲ್ಲ ಮನೆ ಬಿಡಿಸಿ ಗದ್ದೆ ಕೆಲಸಕ್ಕೆ ಅಟ್ಟಿದ ಆ ವರ್ಷಗಳಲ್ಲಿ ಅವರ ಅಮ್ಮ ಅದನ್ನು ಚೌಕಳಿ ಬಟ್ಟೆಯಲ್ಲಿ ಸುತ್ತಿ ಗದ್ದೆಯ ಬದುವಿನಲ್ಲಿ ಹೂತರು. ಹೂತವರು ಹಿಂದಿರುಗಲಿಲ್ಲ. ಹಿಂದಿರುಗಿದ್ದು ಹತ್ತು ವರ್ಷದ ಬೊಫಾ ಒಬ್ಬರೇ. ಅವರೇ ಅಗೆದರು. ಗುದ್ದಲಿ ತಗುಲಿ ಮುಖ ಸೀಳಿತು. ಎಡಭಾಗ ಎಷ್ಟು ಹುಡುಕಿದರೂ ಸಿಗಲಿಲ್ಲ.

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಭಾವ ಎದ್ದು, ಪಂಚೆ ಎತ್ತಿ ಕಟ್ಟಿ, ಹೊಳೆಯ ಕಡೆ ನಡೆದರು.

ಹೊಳೆಯಲ್ಲಿ

ಆ ಹೊಳೆ ನಮ್ಮ ತುಂಗಭದ್ರೆಯ ಮುಂದೆ ಕಾಲುವೆ. ಹಸಿರು ನೀರು, ಕೆಳಗೆ ಕೆಸರು. ಆದರೆ ಮೇಲೆ ಎಲ್ಲೋ ನೀರು ಬಿಟ್ಟಿದ್ದರೆಂದು ಕಾಣುತ್ತದೆ, ಬೆಳಗ್ಗೆ ಮೊಣಕಾಲಿಗಿದ್ದದ್ದು ಸೊಂಟಕ್ಕೆ ಬಂದಿತ್ತು. ನಾನು ಕೊನೆಯ ಮೆಟ್ಟಿಲ ಮೇಲೆ ನಿಂತು ಜಾಗ ತೋರಿಸಿದೆ. ಭಾವ ಮತ್ತು ವಿಸಾಲ್ ಇಳಿದರು. ಬೊಫಾ ದಂಡೆಯ ಮೇಲೆ ನಿಂತಿದ್ದರು, ಬಟ್ಟಲು ಇನ್ನೂ ಕೈಯಲ್ಲೇ ಇತ್ತು.

ಕಾಲು ಗಂಟೆಗೆ ಟವೆಲು ಸಿಕ್ಕಿತು, ಹದಿನೈದು ಮಾರು ಕೆಳಗೆ ಒಂದು ಬೇರಿಗೆ ಸಿಕ್ಕಿಕೊಂಡು. ಖಾಲಿ.

ಮತ್ತೂ ಮುಕ್ಕಾಲು ಗಂಟೆ ಹುಡುಕಿದರು. ಭಾವನ ತುಟಿ ನೀಲಿಯಾಗಿತ್ತು. ಮೇಲೆ ಬನ್ನಿ ಎಂದೆ, ಕೇಳಿಸದವರಂತೆ ಕೆಸರಿನಲ್ಲಿ ಕಾಲಾಡಿಸುತ್ತ ಹೋದರು. ಹುಡುಗರಾಗಿದ್ದಾಗ ಹರಿಹರದ ಸೇತುವೆ ಮೇಲಿಂದ ಜನ ಎಸೆದ ನಾಣ್ಯವನ್ನು ಹೀಗೇ ಕಾಲಿನಿಂದ ಹುಡುಕುತ್ತಿದ್ದರಂತೆ. ಇದ್ದಕ್ಕಿದ್ದಂತೆ ನಿಂತರು.

"ಮಂಜಾ. ಕಾಲಿಗೆ ಹತ್ತೈತೆ."

"ತೆಗೀರಿ ಮತ್ತ."

"ಹೆಂಗೆ ತೆಗೀಲಿ? ಅದರ ಮ್ಯಾಲ ನಿಂತೀನಲ್ಲೋ. ಮಾರಿ ಮ್ಯಾಲ. ಮೂಗು ಹತ್ತಾಕತ್ತೈತೆ ಅಂಗಾಲಿಗೆ."

"ಕಾಲು ತೆಗೀರಿ, ಬಗ್ಗಿ ತಗೊಳ್ರಿ."

"ತೆಗದ್ರ ಮತ್ತ ಕೆಸರಾಗ ಹೋಗ್ತೈತೆ. ತೆಗೀಲಿಲ್ಲ ಅಂದ್ರ ಅಜ್ಜನ್ನ ಮೆಟ್ಟಿ ನಿಂತಂಗ. ಏನ್ ಮಾಡ್ಲೋ?"

ಮೂವತ್ತು ವರ್ಷ ಕಲ್ಲುಹಾಸಿಗೆ ಬಲಗಾಲು ಅಪ್ಪಳಿಸಿದವರು, ಬೇರೊಂದು ದೇಶದ ಹೊಳೆಯಲ್ಲಿ ಅದೇ ಕಾಲನ್ನು ಊರಲೂ ಆಗದೆ ಎತ್ತಲೂ ಆಗದೆ, ಎರಡೂ ಕೈ ಜೋಡಿಸಿ ನಿಂತಿದ್ದರು. ನನಗೆ ನಗು ಬಂತು. ನಗುವುದು ಬೇಡವೆಂದು ನೀರು ನೋಡಿದೆ. ವಿಸಾಲ್ ಮುಳುಗಿ, ಭಾವನ ಕಾಲ ಕೆಳಗಿಂದ ಕಲ್ಲನ್ನು ಜಾರಿಸಿ ಮೇಲೆ ತಂದ. ಬಿರುಕುಗಳಲ್ಲಿ ಕುಂಕುಮ ಇನ್ನೂ ಇತ್ತು.

ಅಂಗಳದಲ್ಲಿ

ಬೊಫಾ ಮೊದಲು ವಿಸಾಲನ ಮುಂದೆ ತಲೆ ತಗ್ಗಿಸಿ ಏನೋ ಹೇಳಿದರು. ಅವನು ಜೋಲಿಯನ್ನು ಮತ್ತೆ ಕಟ್ಟಿದ. ಆಮೇಲೆ ಅಜ್ಜನನ್ನು ಎಳನೀರಿನಲ್ಲಿ ತೊಳೆದು ಗೂಡಿನಲ್ಲಿಟ್ಟರು. ಭಾವ ತಮ್ಮ ಕಡೆಯಿಂದ ಕೈ ಮುಗಿದು, "ತಪ್ಪಾತು ತಾಯಿ" ಎಂದರು. ಬೊಫಾ ತಲೆಯಲ್ಲಾಡಿಸಿ ಗೂಡಿನ ಕಡೆ ತೋರಿಸಿದರು.

"ನನಗಲ್ಲ, ಅಜ್ಜನಿಗೆ ಹೇಳಬೇಕಂತೆ. ಅವರಿಗೆ ಖ್ಮೇರ್ ಭಾಷೆ ಬಿಟ್ಟು ಬೇರೆ ಬರುವುದಿಲ್ಲವಂತೆ" ಎಂದ ವಿಸಾಲ್.

ಕ್ಷಮಿಸಿ ಎನ್ನಲು ಅಲ್ಲಿ ಸೊಮ್ ತೋಹ್ ಎನ್ನುತ್ತಾರೆ. ಭಾವ ಒದ್ದೆ ಪಂಚೆಯಲ್ಲಿ ನಿಂತು ಅದನ್ನು ಹನ್ನೊಂದು ಸಲ ಹೇಳಿದರು. ಮೊದಲ ಹತ್ತು ಸಲ ಬೊಫಾ ಒಪ್ಪಲಿಲ್ಲ, ಉಚ್ಚಾರ ಸರಿಯಿರಲಿಲ್ಲವೋ ಬೇರೆ ಕಾರಣವೋ ನಾನು ಕೇಳಲಿಲ್ಲ.

ಚಹಾ ಬಂತು. ಅಜ್ಜಂದಿರನ್ನು ಹೊಳೆಗೆ ಹಾಕು ಎಂದು ನಿಮ್ಮ ಯಾವ ದೇವರು ಹೇಳಿದ್ದಾನೆ ಎಂದು ಬೊಫಾ ಕೇಳಿದರು. ಅವರು ನಿಜಕ್ಕೂ ತಿಳಿಯಲೆಂದೇ ಕೇಳಿದರು. ಭಾವ ನನ್ನನ್ನು ನೋಡಿದರು. ಇನ್ನು ಬಾಯಿ ತೆಗೆಯುವುದಿಲ್ಲ ಎಂದವರು ನೆಲದ ಮೇಲೆ ಕೂತು ನಮ್ಮೂರ ದೇವರ ಕಥೆ ಹೇಳಿದರು. ಒಂದು ವಾಕ್ಯ ಅವರು, ಒಂದು ನಾನು, ಒಂದು ವಿಸಾಲ್. ಹೀಗಾಗಿ ಕಥೆಯನ್ನು ಓಡಿಸುವಂತಿರಲಿಲ್ಲ. ಮೆಟ್ಟುವ ಜಾಗ ಬಂದಾಗ ಕಾಲು ಅಪ್ಪಳಿಸಲಿಲ್ಲ.

ಬೊಫಾ ಕೊನೆಯವರೆಗೂ ಕೇಳಿ, ಮೂರು ಪ್ರಶ್ನೆ ಕೇಳಿದರು.

"ನಿಮ್ಮ ದೇವರು ಬರುವ ಮೊದಲು ಆ ನೆಲ ಆ ಅಸುರನದಾಗಿತ್ತೇ?"

ಹೌದು ಎಂದರು ಭಾವ.

"ಈಗಲೂ ಅವನ ಹೆಸರಿದೆಯೇ?"

ಹೌದು.

"ಹಾಗಾದರೆ ಅವನೇ ನಿಮ್ಮ ನೆಕ್ ತಾ. ಬೆಳಗ್ಗೆ ಅವನಿಗೆ ಅನ್ನ ಯಾರು ಇಡುತ್ತಾರೆ?"

ಭಾವ ಬಾಯಿ ತೆರೆದರು. ಹರಿಹರದಲ್ಲಿ ಯಾರು ಏನು ಕೇಳಿದರೂ, ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ, ಅವರ ಬಳಿ ಉತ್ತರ ಇರುತ್ತಿತ್ತು. ಈಗ ತೆರೆದ ಬಾಯಿಗೆ ಚಹಾದ ಲೋಟ ಇಟ್ಟುಕೊಂಡರು.

ಉಳಿದ ನಾಲ್ಕು ದಿನವೂ ಬೊಫಾ ನಮ್ಮೊಂದಿಗೆ ಮೊದಲಿನಷ್ಟೇ ಮಾತಾಡಿದರು, ಅಂದರೆ ಹೆಚ್ಚೇನೂ ಇಲ್ಲ. ಗೂಡಿಗೆ ತಂತಿಯ ಜಾಲರಿ ಹಾಕಿಸಿದರು. ಹೊರಡುವ ದಿನ ಭಾವ ಅದರ ಮುಂದೆ ನಿಂತಾಗ ಅವರು ಪಕ್ಕದಲ್ಲೇ ನಿಂತಿದ್ದರು. ಕಾವಲಿಗೋ, ಬೀಳ್ಕೊಡುಗೆಗೋ ಹೇಳಲಾರೆ.

ಮತ್ತೆ ಹರಿಹರ

ಬಂದ ಮೇಲೆ ಭಾವ ಗುಡಿಗೆ ಹೋದರು, ಆದರೆ ಕಂಬಕ್ಕೆ ಒರಗದೆ ದರ್ಶನ ಮಾಡಿ ಬಂದುಬಿಟ್ಟರು. ಎರಡು ವಾರ ಹೀಗೇ ಆಯಿತು. ಅಕ್ಕ ನನಗೆ ಫೋನ್ ಮಾಡಿದಳು: "ಕಾಲು ಅಪ್ಪಳಿಸಿದ್ರ ಅಪ್ಪಳಿಸ್ಲಿ, ಮೊದ್ಲಿನಂಗ ಮಾಡಿಕೊಡು ಮಾರಾಯಾ. ಮನಿಯಾಗ ಸಪ್ಪಳ ಇಲ್ದ ನನಗ ನಿದ್ದಿ ಬರವಲ್ದು."

ನಾನು ಹೋದ ಬೆಳಗ್ಗೆ ಅವರು ಮನೆಯಲ್ಲಿರಲಿಲ್ಲ. ಹೊಳೆದಂಡೆಯಲ್ಲಿ, ಗುಡಿಯಿಂದ ಸಾಕಷ್ಟು ಕೆಳಗೆ, ಒಂದು ಬಂಡೆಯ ಹತ್ತಿರ ಕೂತಿದ್ದರು. ಬಂಡೆಯ ಮೇಲೆ ಬಾಳೆಲೆಯ ತುಂಡು, ಅದರಲ್ಲಿ ಮೊಸರನ್ನ. ಕೇಳುವ ಮೊದಲೇ, "ಗುಹಗ ಯಾರೂ ಇಡವಲ್ರು ಅಂದ್ರ ಏನ್ ಮಾಡಾದು" ಎಂದರು. ಆಮೇಲೆ, "ಆಕಿಗೆ ತೋರಸ್ಬೇಕು. ನೀ ಆ ವಿಶಾಲಗ ಹಚ್ಚು" ಎಂದರು.

ವಿಡಿಯೋ ಕರೆ ಹಚ್ಚಿದೆ. ವಿಸಾಲ್ ಫೋನನ್ನು ಬೊಫಾ ಹತ್ತಿರ ಒಯ್ದ. ಮೊದಲು ಅವರು ಜಾಲರಿ ತೆಗೆದು ಅಜ್ಜನನ್ನು ತೋರಿಸಿದರು, ನೋಡು, ಇದ್ದಾರೆ ಎಂಬಂತೆ. ಭಾವ ಫೋನಿಗೆ ಕೈ ಮುಗಿದು, ಸರಿಯಾದ ಉಚ್ಚಾರದಲ್ಲಿ ಸೊಮ್ ತೋಹ್ ಎಂದರು. ಆಮೇಲೆ ನಾನು ಫೋನನ್ನು ಬಂಡೆಯ ಕಡೆ ತಿರುಗಿಸಿದೆ. ಬೊಫಾ ಪರದೆಗೆ ಕಣ್ಣು ತಾಗುವಷ್ಟು ಹತ್ತಿರ ಬಂದು ನೋಡಿದರು. ಏನೋ ಕೇಳಿದರು.

"ಅನ್ನದ ಮೇಲೆ ಬಿಳಿಯದು ಏನು ಅಂತ ಕೇಳುತ್ತಿದ್ದಾರೆ" ಎಂದ ವಿಸಾಲ್.

ಮೊಸರು ಎಂದೆ.

ಅತ್ತ ಸ್ವಲ್ಪ ಹೊತ್ತು ಮಾತು ನಡೆಯಿತು. ವಿಸಾಲ್ ನಗು ತಡೆದುಕೊಂಡು ತಿರುಗಿಸಿದ: "ಉಚ್ಚಂಗಿಯಿಂದ ಐರಣಿವರೆಗೆ ಆಳಿದವನು ಅಂತೀರಿ. ಅಸುರ ಅಂತೀರಿ. ಅವನಿಗೆ ಮಜ್ಜಿಗೆ ಅನ್ನ ಕೊಟ್ಟು ಕೂರಿಸಿದ್ದೀರಾ? ನಮ್ಮ ಅಜ್ಜನೇ ವಾರಕ್ಕೊಮ್ಮೆ ಮೀನಿಲ್ಲದಿದ್ದರೆ ಮುಖ ತಿರುಗಿಸುತ್ತಾರೆ. ಅರ್ಧವೇ ಇದ್ದರೂ ತಿರುಗಿಸುತ್ತಾರೆ."

ನಾನು ಭಾವನಿಗೆ ಹೇಳಿದೆ. ಅವರು ಮೊಸರನ್ನದ ಎಲೆಯನ್ನು ಬಂಡೆಯ ಮೇಲಿಂದ ಎತ್ತಿಕೊಂಡರು. ಫೋನಿನಲ್ಲಿ ಬೊಫಾ ಉತ್ತರಕ್ಕೆ ಕಾಯುತ್ತಿದ್ದರು.

"ಆತು ತಂಗಿ ಅಂತ ಹೇಳು ಆಕಿಗೆ" ಎಂದರು ಭಾವ.

ಮರುದಿನ ನಾನು ಅಕ್ಕನ ಮನೆಯಲ್ಲೇ ಉಳಿದಿದ್ದೆ. ಏಳು ಗಂಟೆಗೆ ಭಾವ ಹೊರಟಾಗ ಹಿಂದೆ ಹೋದೆ. ನಾನು ಬಂದದ್ದು ಅವರಿಗೆ ಗೊತ್ತಿತ್ತು, ತಿರುಗಿ ನೋಡಲಿಲ್ಲ. ದೋಣಿಗಳು ದಡಕ್ಕೆ ಬರುವಲ್ಲಿ ಒಬ್ಬ ಹೆಂಗಸು ಮೀನು ಮಾರುತ್ತಾಳೆ, ಪಕ್ಕದಲ್ಲೇ ಒಲೆ ಹೂಡಿ ಹುರಿದೂ ಕೊಡುತ್ತಾಳೆ. ಮೈಮೇಲೆ ಲಿಂಗ ಕಟ್ಟಿಕೊಂಡು ಅರವತ್ತೆಂಟು ವರ್ಷ ಆ ಕಡೆಯ ಗಾಳಿ ಬಂದರೆ ಮೂಗಿಗೆ ಟವೆಲು ಹಿಡಿದವರು ನಮ್ಮ ಭಾವ. ಈಗ ಅವಳಿಂದ ಎರಡು ಮಾರು ದೂರದಲ್ಲಿ ನಿಂತರು. ಬಾಳೆಲೆಯನ್ನು ಚಾಚಿದ ಕೈಯಲ್ಲಿ ಹಿಡಿದಿದ್ದರು.

"ಯಾವ್ದು ಬೇಕ್ರಿ ಯಜಮಾನ್ರ?"

"ಮುಳ್ಳು ಕಡಿಮಿ ಇರೋದು ಯಾವ್ದಮ್ಮ?"

"ಮಕ್ಕಳಿಗೇನ್ರಿ?"

"ಅಲ್ಲ." ಭಾವ ಒಮ್ಮೆ ಹೊಳೆ ನೋಡಿದರು. "ನಮ್ಮ ಅಜ್ಜಗ."